ನೂರು ಸಿಸಿ ಗಾಡಿಯ ಸಣ್ಣ ಕೊರತೆಗಳನ್ನು ಗೆಲ್ಲುವ 12 ಸೂತ್ರಗಳು

ಕಾಲೇಜು ಶುರುವಾಗಿದೆ, ಇಲ್ಲವೇ ಮೊದಲ ಕೆಲಸ ಸಿಕ್ಕಿದೆ. ಮನೆಯವರು ಡೌನ್ ಪೇಮೆಂಟ್ ಕಟ್ಟಿದ್ದಾರೆ, ಉಳಿದದ್ದು ಇಎಂಐ. ಅಂಗಳದಲ್ಲಿ ಹೊಸ ಸ್ಪ್ಲೆಂಡರ್, ಎಚ್‌ಎಫ್ ಡಿಲಕ್ಸ್, ಪ್ಲಾಟಿನಾ, ಟಿವಿಎಸ್ ಸ್ಪೋರ್ಟ್ ಅಥವಾ ಶೈನ್ 100 ನಿಂತಿದೆ. ಕೆಎ-13 ನಂಬರ್ ಪ್ಲೇಟೂ ಬಂದಾಯಿತು. ನಿಮ್ಮ ಆಯ್ಕೆ ಸರಿಯಾಗಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರೂ ಊರುಗಳು ಹಾಸನದಿಂದ 30ರಿಂದ 40 ಕಿ.ಮೀ. ಒಳಗೇ ಇವೆ. ದಿನಾ ಹೋಗಿ ಬರುವವರಿಗೆ ಇಷ್ಟು ಲಾಭದ ಗಾಡಿ ಇನ್ನೊಂದಿಲ್ಲ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ ಅದರ ಜಾಹೀರಾತು ಹೇಳಿದ್ದು ಇಷ್ಟೇ: ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ. ಮೈಲೇಜಿನ ಮಟ್ಟಿಗೆ ಆ ಮಾತು ಇವತ್ತಿಗೂ ನಿಜ. ಉಳಿದ ವಿಷಯದಲ್ಲಿ ಮರೆಯಬೇಡಿ. ಈ ಗಾಡಿಗಳ ಕೊರತೆಗಳು ಸಣ್ಣವು. ಸಣ್ಣವೆಂದೇ ಜನ ಅಲಕ್ಷ್ಯ ಮಾಡುತ್ತಾರೆ, ಪೆಟ್ಟು ತಿನ್ನುವುದೂ ಅಲ್ಲೇ. ಒಂದೊಂದನ್ನೂ ಮೊದಲೇ ತಿಳಿದುಕೊಳ್ಳಿ, ಅದಕ್ಕೆ ತಕ್ಕ ಅಭ್ಯಾಸ ಬೆಳೆಸಿಕೊಳ್ಳಿ. ಇದೇ ಗಾಡಿಯಲ್ಲಿ ಡಿಗ್ರಿ ಮುಗಿಸಬಹುದು, ಪ್ರಮೋಷನ್ನೂ ತೆಗೆದುಕೊಳ್ಳಬಹುದು.

1. ಲೆಕ್ಕ ಹಾಕದೆ ಓವರ್‌ಟೇಕ್ ಮಾಡಬೇಡಿ.

ಸ್ಪ್ಲೆಂಡರ್ ಎಂಜಿನ್ 97.2 ಸಿಸಿ. ಪವರ್ ಸುಮಾರು 8 ಪಿಎಸ್. ಊರೊಳಗೆ ಇದು ಧಾರಾಳ. ಹೊಳೆನರಸೀಪುರ–ಚನ್ನರಾಯಪಟ್ಟಣದಂಥ ಎರಡು ಲೇನಿನ ರಸ್ತೆಯಲ್ಲಿ ಮುಂದೆ ಲೋಡ್ ಲಾರಿ ಸಿಕ್ಕಾಗ ಸಾಲುವುದಿಲ್ಲ. ಲಾರಿ 50ರಲ್ಲಿದೆ, ನೀವು 60ರಲ್ಲಿದ್ದೀರಿ ಎಂದುಕೊಳ್ಳಿ. ಸೆಕೆಂಡಿಗೆ ಮೂರು ಮೀಟರ್ ಕೂಡ ನೀವು ಮುಂದೆ ಹೋಗುವುದಿಲ್ಲ. ಲಾರಿಯ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಸೇರಿ 40 ಮೀಟರ್ ದಾಟಬೇಕಾದರೆ 14 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ನೀವು ರಸ್ತೆಯಲ್ಲಿ 240 ಮೀಟರ್ ಓಡಿರುತ್ತೀರಿ. ಎದುರಿನ ಬಸ್ಸೂ 60ರಲ್ಲಿ ಬರುತ್ತಿದ್ದರೆ ಅದೂ 240 ಮೀಟರ್ ಓಡಿರುತ್ತದೆ. ಅಂದರೆ ನಿಮಗೆ ಬೇಕಾದದ್ದು ಹತ್ತಿರ ಹತ್ತಿರ ಅರ್ಧ ಕಿ.ಮೀ. ಖಾಲಿ ರಸ್ತೆ.

ಅಷ್ಟು ದೂರ ಕಣ್ಣಿಗೆ ಕಾಣುತ್ತಿದೆಯೇ? ಕಂಡರೆ ಮೂರನೇ ಗೇರಿಗೆ ಇಳಿಸಿ, ಇಂಡಿಕೇಟರ್ ಹಾಕಿ, ಹಾರ್ನ್ ಹೊಡೆದು ದಾಟಿ. ಕಾಣದಿದ್ದರೆ ಲಾರಿಯಿಂದ ದೂರ ಬಿಟ್ಟು, ಅದರ ಡ್ರೈವರ್‌ಗೆ ಕನ್ನಡಿಯಲ್ಲಿ ಕಾಣುವಂತೆ ಹಿಂದೆಯೇ ಬನ್ನಿ. ಅರ್ಧ ದಾಟಿದ ಮೇಲೆ ಅನುಮಾನ ಬಂದರೆ ಥ್ರಾಟಲ್ ಬಿಟ್ಟು ಹಿಂದೆ ಸರಿಯಿರಿ. ದೊಡ್ಡ ಬೈಕಿನವರ ಹಾಗೆ ತಿರುಚಿ ನುಗ್ಗಲು ಈ ಗಾಡಿಯಲ್ಲಿ ಉಳಿಕೆ ಪವರ್ ಇಲ್ಲ. ಉಬ್ಬಿನಲ್ಲಂತೂ ಪ್ರಯತ್ನವನ್ನೇ ಮಾಡಬೇಡಿ.

2. ಹತ್ತು ನಿಮಿಷ ಮೊದಲು ಹೊರಡಿ.

65 ದಾಟಿದರೆ ಹ್ಯಾಂಡಲ್, ಫುಟ್‌ರೆಸ್ಟ್, ಸೀಟು ಎಲ್ಲ ನಡುಗತೊಡಗುತ್ತವೆ. ಕೈ ಜೋಮು ಹಿಡಿಯುತ್ತದೆ. ಆ ಸ್ಪೀಡಿನಿಂದ ಸಿಗುವುದಾದರೂ ಏನು? 38 ಕಿ.ಮೀ. ದಾರಿಗೆ 60ರಲ್ಲಿ 38 ನಿಮಿಷ, 75ರಲ್ಲಿ 30 ನಿಮಿಷ. ಉಳಿಯುವುದು ಬರೀ ಎಂಟು ನಿಮಿಷ. ಆ ಎಂಟು ನಿಮಿಷವನ್ನು ರಸ್ತೆಯಲ್ಲಿ ಹುಡುಕಬೇಡಿ, ಬೆಳಗಿನ ಅಲಾರಂನಲ್ಲಿ ಹುಡುಕಿ. 50–55ರಲ್ಲಿ ಓಡಿಸಿದರೆ ಮೈಲೇಜೂ ಕೈಗೆ ಸಿಗುತ್ತದೆ, ಆಫೀಸಿಗೆ ಬೆವರದೆ ತಲುಪುತ್ತೀರಿ.

3. ಒಕ್ಕಣೆ ಕಾಲದಲ್ಲಿ ರಸ್ತೆಯನ್ನು ಹೊಸದಾಗಿ ಓದಿ.

ಡಿಸೆಂಬರ್ ಬಂತೆಂದರೆ ನಮ್ಮ ಹಳ್ಳಿ ರಸ್ತೆಗಳೇ ಕಣ. ರಾಗಿ ತೆನೆ, ಹುರುಳಿ, ಅವರೆ ಎಲ್ಲವೂ ಟಾರ್ ಮೇಲೆ ಬೀಳುತ್ತವೆ. ಬಸ್ಸು, ಲಾರಿಗಳ ಚಕ್ರವೇ ರೋಣಗಲ್ಲಿನ ಕೆಲಸ ಮಾಡುತ್ತದೆ. ರೈತರಿಗೆ ಕಣ ಮಾಡಲು ಜಾಗವಿಲ್ಲ, ಆಳು ಸಿಗುವುದಿಲ್ಲ, ಅವರ ಕಷ್ಟ ನಿಜವಾದದ್ದೇ. ಆದರೆ ನಿಮ್ಮ ಟೈರಿನ ಅಗಲ ಸುಮಾರು 80 ಮಿ.ಮೀ. ಮಾತ್ರ, ಗಾಡಿಯ ತೂಕ ಸುಮಾರು 100–120 ಕೆ.ಜಿ. ಕಾರು ಸಲೀಸಾಗಿ ದಾಟುವ ಹುಲ್ಲಿನ ಮೇಲೆ ಈ ಗಾಡಿ ಜಾರುತ್ತದೆ.

ಹತ್ತಿರದಿಂದ ನೋಡಿ. ಬೆಳಿಗ್ಗೆ ಮಂಜು ಬಿದ್ದಿರುವ ರಾಗಿ ಹುಲ್ಲು ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಒದ್ದೆ ಇರುತ್ತದೆ. ಹುಲ್ಲು ಮೆತ್ತೆಯಂತೆ ಕೂತು ಅದರ ಕೆಳಗಿನ ಗುಂಡಿಯನ್ನು ಮುಚ್ಚಿರುತ್ತದೆ. ಹುರುಳಿ ಇನ್ನೂ ಅಪಾಯ. ಸಿಪ್ಪೆ ಬಿಟ್ಟ ಕಾಳು ಟಾರ್ ಮೇಲೆ ಚೆಲ್ಲಿ, ಚಕ್ರ ಬಿದ್ದೊಡನೆ ಉರುಳುತ್ತದೆ. ಬಳ್ಳಿ ಚೈನಿಗೆ, ಹಿಂದಿನ ಆಕ್ಸಲ್ಲಿಗೆ ಸುತ್ತಿಕೊಳ್ಳುತ್ತದೆ. ಅಂಚಿಗೆ ಗಡಿ ಗುರುತಿಗೆಂದು ಇಟ್ಟ ಕಲ್ಲುಗಳು ಸಂಜೆಯಾದ ಮೇಲೆ ಕಾಣುವುದೇ ಇಲ್ಲ.

ಮಾಡಬೇಕಾದದ್ದು ಇಷ್ಟು. ಹುಲ್ಲು ದೂರದಲ್ಲಿ ಕಂಡ ಕೂಡಲೇ, ಅದರ ಮೇಲೆ ಹತ್ತುವುದಕ್ಕೆ ಮೊದಲೇ ಸ್ಪೀಡು ಇಳಿಸಿ ಎರಡನೇ ಗೇರಿಗೆ ಬನ್ನಿ. ಹತ್ತಿದ ಮೇಲೆ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೆಟ್ಟಗೆ ಒಂದೇ ಹದದಲ್ಲಿ ದಾಟಿ. ಹಿಂದೆ ಯಾರಾದರೂ ಕೂತಿದ್ದರೆ ಹತ್ತುವ ಮೊದಲೇ ಇಳಿಸಿ ನಡೆಸಿ. ದಪ್ಪ ರಾಶಿಯಾದರೆ ನೀವೂ ಇಳಿದು ತಳ್ಳಿಕೊಂಡು ಹೋಗಿ. ದಾಟಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ, ಸೈಲೆನ್ಸರ್ ಹತ್ತಿರ, ಚೈನ್ ಹತ್ತಿರ ಸಿಕ್ಕಿಕೊಂಡ ಹುಲ್ಲನ್ನು ಕಿತ್ತು ಹಾಕಿ. ಬಿಸಿ ಸೈಲೆನ್ಸರಿಗೆ ಒಣ ಹುಲ್ಲು ತಾಗಿದರೆ ಹೊತ್ತಿಕೊಳ್ಳಬಹುದು. ಇಷ್ಟಕ್ಕೆಲ್ಲ ಎರಡು ನಿಮಿಷ ಸಾಕು. ಬಿದ್ದು ಕಾಲು ಮುರಿದುಕೊಂಡರೆ ಒಂದು ಸೆಮಿಸ್ಟರೇ ಹೋಗುತ್ತದೆ.

4. ಬ್ರೇಕ್ ಅಡ್ಜಸ್ಟ್ ಮಾಡುವುದನ್ನು ನೀವೇ ಕಲಿಯಿರಿ.

ಈ ದರ್ಜೆಯ ಹೆಚ್ಚಿನ ಗಾಡಿಗಳಲ್ಲಿ ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕ್. ಡಿಸ್ಕ್‌ನ ಹಾಗೆ ಅದು ತನ್ನಷ್ಟಕ್ಕೆ ಸರಿಹೊಂದುವುದಿಲ್ಲ. ಶೂ ಸವೆದಂತೆ ಪೆಡಲ್ ಕೆಳಕ್ಕೆ ಇಳಿಯುತ್ತದೆ. ದಿನಕ್ಕೆ ಒಂದಿಷ್ಟೇ ಇಳಿಯುವುದರಿಂದ ನಿಮ್ಮ ಕಾಲು ಅದಕ್ಕೆ ಒಗ್ಗಿಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಹಂಪ್ಸ್ ಎದುರು ಗಾಡಿ ನಿಲ್ಲದಿದ್ದಾಗ ಗೊತ್ತಾಗುತ್ತದೆ.

ಸೆಂಟರ್ ಸ್ಟ್ಯಾಂಡ್ ಹಾಕಿ. ಹಿಂದಿನ ಚಕ್ರದ ಬಳಿ ಬ್ರೇಕ್ ರಾಡಿನ ತುದಿಯಲ್ಲಿ ಒಂದು ನಟ್ ಇದೆ. ಅದನ್ನು ಅರ್ಧರ್ಧ ಸುತ್ತು ಬಿಗಿ ಮಾಡುತ್ತಾ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಶೂ ಉಜ್ಜುವ ಸದ್ದು ಬಂತೋ, ಹೆಚ್ಚಾಯಿತು ಎಂದರ್ಥ, ಅರ್ಧ ಸುತ್ತು ಹಿಂದಕ್ಕೆ ಬಿಡಿ. ಪೆಡಲ್ ಎರಡು ಮೂರು ಸೆಂ.ಮೀ. ಇಳಿಯುವಷ್ಟರಲ್ಲಿ ಬ್ರೇಕ್ ಹಿಡಿಯಬೇಕು. ಡ್ರಮ್ ಪ್ಲೇಟಿನ ಮೇಲೆ ಸಣ್ಣ ಬಾಣದ ಗುರುತೂ ಇರುತ್ತದೆ. ಬ್ರೇಕ್ ಒತ್ತಿದಾಗ ಆ ಬಾಣ ಪಕ್ಕದ ಗೆರೆ ಮುಟ್ಟಿದರೆ ಅಡ್ಜಸ್ಟ್ ಮಾಡಿ ಪ್ರಯೋಜನವಿಲ್ಲ, ಶೂ ಬದಲಾಯಿಸಿ.

2019ರ ಏಪ್ರಿಲ್ 1ರಿಂದ 125 ಸಿಸಿವರೆಗಿನ ಗಾಡಿಗಳಿಗೆ ಕನಿಷ್ಠ ಸಿಬಿಎಸ್ ಆದರೂ ಕಡ್ಡಾಯ. ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಸ್ವಲ್ಪ ಮಾತ್ರ. ಅದನ್ನು ನಂಬಿ ಕಾಲಿಗಷ್ಟೇ ಕೆಲಸ ಕೊಡಬೇಡಿ, ಕೈ ಬ್ರೇಕನ್ನೂ ಹದವಾಗಿ ಬಳಸಿ. ಜೂನ್–ಜುಲೈ ಮಳೆಯಲ್ಲಿ ಡ್ರಮ್ಮಿಗೆ ನೀರು ಹೋಗಿ ಮೊದಲ ಸಲ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ನೀರು ದಾಟಿದ ಕೂಡಲೇ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿ.

5. ಹೈವೇ ಗಾಳಿಗೆ ಸಿದ್ಧರಾಗಿ.

ಎನ್‌ಎಚ್ 75ರಲ್ಲಿ ಶಾಂತಿಗ್ರಾಮದ ಟೋಲ್ ನಿಮಗೆ ಫ್ರೀ, ಗಾಳಿ ಫ್ರೀ ಅಲ್ಲ. ವೋಲ್ವೊ ಬಸ್ಸು ಪಕ್ಕದಲ್ಲಿ ಹಾದಾಗ ಹಗುರ ಗಾಡಿಯನ್ನು ಮೊದಲು ದೂಡುತ್ತದೆ, ಮರುಕ್ಷಣವೇ ತನ್ನ ಕಡೆಗೆ ಎಳೆಯುತ್ತದೆ. ಎಡ ಲೇನಿನಲ್ಲೇ ಇರಿ. ಕನ್ನಡಿಯಲ್ಲಿ ಬಸ್ಸು ಕಂಡರೆ ಮೊಣಕಾಲಿನಿಂದ ಟ್ಯಾಂಕನ್ನು ಬಿಗಿಯಾಗಿ ಹಿಡಿಯಿರಿ, ಕೈ ಸಡಿಲ ಬಿಡಿ. ಸರ್ವೀಸ್ ರಸ್ತೆ ಇದ್ದಲ್ಲಿ ಅದರಲ್ಲೇ ಹೋಗಿ. ಡಿವೈಡರ್ ಸುತ್ತುವುದು ದೂರವೆಂದು ರಾಂಗ್ ಸೈಡಿನಲ್ಲಿ ಎಂದಿಗೂ ಬರಬೇಡಿ.

6. ಇಬ್ಬರಿಗಿಂತ ಹೆಚ್ಚು ಜನ ಬೇಡ, ಮೂಟೆಗೂ ಮಿತಿ ಇರಲಿ.

ಡಬಲ್ಸ್ ಹೋದರೆ ಪಿಕಪ್ ಕುಗ್ಗುತ್ತದೆ, ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ, ಗೊರೂರಿನ ಕಡೆ ಏರಿನಲ್ಲಿ ಗೇರ್ ಇಳಿಸಬೇಕಾಗುತ್ತದೆ. 2017ರಲ್ಲಿ ಕರ್ನಾಟಕದಲ್ಲಿ 100 ಸಿಸಿಗಿಂತ ಕಡಿಮೆಯ ಹೊಸ ಗಾಡಿಗಳಲ್ಲಿ ಹಿಂಬದಿ ಸವಾರಿಯನ್ನೇ ನಿಷೇಧಿಸಲು ಹೊರಟು ದೊಡ್ಡ ಚರ್ಚೆಯಾಗಿತ್ತು. 97.2 ಸಿಸಿಯ ಸ್ಪ್ಲೆಂಡರ್ ಕೂಡ ಆ ಲೆಕ್ಕಕ್ಕೆ ಬರುತ್ತಿತ್ತು. ಆ ನಿಷೇಧ ರಸ್ತೆಯಲ್ಲಿ ನಿಲ್ಲಲಿಲ್ಲ, ಒಳ್ಳೆಯದೇ ಆಯಿತು. ಇಲ್ಲದಿದ್ದರೆ ತಂಗಿಯನ್ನು ಕಾಲೇಜಿಗೆ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಸಾವಿರಾರು ಮನೆಗಳಿಗೆ ತೊಂದರೆಯಾಗುತ್ತಿತ್ತು. ಆದರೆ ಸಣ್ಣ ಎಂಜಿನ್ನಿನ ಮೇಲೆ ಇಬ್ಬರ ಭಾರ ಎಂಬ ಚಿಂತೆ ಮಾತ್ರ ಸುಳ್ಳಲ್ಲ.

ಹಿಂದೆ ಯಾರನ್ನಾದರೂ ದಿನಾ ಕೂರಿಸುವುದಾದರೆ ಹಿಂದಿನ ಟೈರಿನ ಗಾಳಿ ಹೆಚ್ಚಿಸಿ. ಎಷ್ಟು ಎಂಬುದು ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ, ಅಂದಾಜು ಬೇಡ. ಹಿಂದಿನವರಿಗೂ ಐಎಸ್‌ಐ ಹೆಲ್ಮೆಟ್ ಕೊಡಿ. ಕರ್ನಾಟಕದಲ್ಲಿ ಇದು 2016ರ ಜನವರಿಯಿಂದ ಕಡ್ಡಾಯ. ಬೂಸಾ ಮೂಟೆ, ಹಾಲಿನ ಕ್ಯಾನು ಹೇರುವುದಿದ್ದರೆ ತೂಕ ಎರಡೂ ಕಡೆ ಸಮ ಇರಲಿ. ಆ ದಿನ ಜನ ಬೇಡ.

7. ಕತ್ತಲಲ್ಲಿ ನಿಮ್ಮ ಬೆಳಕನ್ನು ಮೀರಿ ಓಡಿಸಬೇಡಿ.

ಈ ಗಾಡಿಗಳ ಹ್ಯಾಲೊಜೆನ್ ಬಲ್ಬು ಸಾಮಾನ್ಯವಾಗಿ 35 ವ್ಯಾಟ್. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ರಾತ್ರಿಯೂ ಓಡುತ್ತವೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ಕೆಂಪು ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಕಬ್ಬಿನ ತುದಿ ಟ್ರೇಲರಿನಿಂದ ಆಚೆಗೆ ಚಾಚಿರುತ್ತದೆ. ನಿಮ್ಮ ಬೆಳಕು ಅದನ್ನು ತೋರಿಸುವ ಹೊತ್ತಿಗೆ ಗಾಡಿ ನಿಲ್ಲಿಸಲು ಜಾಗ ಉಳಿದಿರುವುದಿಲ್ಲ. ರಾತ್ರಿ 40ರಲ್ಲಿ ಬನ್ನಿ. ಎದುರು ಬರುವವರ ದೀಪ ಕಣ್ಣಿಗೆ ಹೊಡೆದರೆ ರಸ್ತೆಯ ಎಡ ಅಂಚನ್ನು ನೋಡಿ, ಸ್ಪೀಡು ಇನ್ನೂ ಇಳಿಸಿ. ಹೆಡ್‌ಲೈಟ್ ಗಾಜನ್ನು ವಾರಕ್ಕೊಮ್ಮೆ ಒರೆಸಿ. ಹೆಲ್ಮೆಟ್ ಹಿಂದೆ, ಬ್ಯಾಗಿನ ಮೇಲೆ ರಿಫ್ಲೆಕ್ಟರ್ ಟೇಪ್ ಅಂಟಿಸಿ. ಹೆಚ್ಚು ಬೆಳಕಿಗಾಗಿ ಸಿಕ್ಕ ಸಿಕ್ಕ ಎಲ್‌ಇಡಿ ಹಾಕಿಸಿ ವೈರಿಂಗ್ ಕೆಡಿಸಬೇಡಿ.

8. ರಿಸರ್ವ್ ಇದೆ ಎಂಬ ಧೈರ್ಯ ಬಿಡಿ.

ಅಪ್ಪನ ಹಳೇ ಗಾಡಿಯಲ್ಲಿ ಪೆಟ್ರೋಲ್ ಖಾಲಿಯಾದರೆ ಕಾಕ್ ತಿರುಗಿಸಿ ರಿಸರ್ವಿಗೆ ಹಾಕುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಬಹುತೇಕ ಗಾಡಿಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂತು, ಆ ಕಾಕ್ ಹೋಯಿತು. ಟ್ಯಾಂಕಿನೊಳಗಿನ ಪಂಪಿಗೆ ಸುತ್ತಲಿನ ಪೆಟ್ರೋಲೇ ತಂಪು ಕೊಡುವುದು. ಪದೇ ಪದೇ ಖಾಲಿ ಟ್ಯಾಂಕಿನಲ್ಲಿ ಓಡಿಸಿದರೆ ಪಂಪ್ ಕೆಡುತ್ತದೆ, ರಿಪೇರಿ ಬಿಲ್ಲು ದೊಡ್ಡದು. ಬ್ಯಾಟರಿ ಪೂರ್ತಿ ಇಳಿದರೆ ಕಿಕ್ಕರ್ ಹೊಡೆದರೂ ಸ್ಟಾರ್ಟ್ ಆಗದಿರಬಹುದು.

ಮುಳ್ಳು ಕೆಂಪು ಗೆರೆ ಮುಟ್ಟುವ ಮುಂಚೆಯೇ ಬಂಕಿಗೆ ಹೋಗಿ. ಪ್ರತಿ ಸಲ ಫುಲ್ ಟ್ಯಾಂಕ್ ಹಾಕಿಸಿದಾಗ ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ, ಇಲ್ಲದಿದ್ದರೆ ಮೊಬೈಲಿನಲ್ಲಿ ಓಡೊಮೀಟರ್ ಫೋಟೊ ತೆಗೆದಿಡಿ. ಎಂಜಿನ್ ಲೈಟ್ ಹತ್ತಿದರೆ ಕಾರ್ಬ್ಯುರೇಟರ್ ಕಾಲದ ಮೆಕ್ಯಾನಿಕ್ ಎಷ್ಟೇ ನಿಪುಣನಾದರೂ ಬರೀ ಕಿವಿಯಿಂದ ಕಂಡುಹಿಡಿಯಲಾರ. ಸ್ಕ್ಯಾನರ್ ಇರುವ ಕಡೆ ಹೋಗಿ. ಚೈನು, ಆಯಿಲ್, ಕೇಬಲ್‌ಗೆ ಮಾತ್ರ ಊರಿನ ಮೆಕ್ಯಾನಿಕ್ಕೇ ಉತ್ತಮ, ಆ ಸಂಬಂಧ ಕಡಿದುಕೊಳ್ಳಬೇಡಿ.

9. ಬೆಂಗಳೂರಿಗೆ ರೈಲಿನಲ್ಲಿ ಹೋಗಿ.

ಹಾಸನದಿಂದ ಬೆಂಗಳೂರು 180 ಕಿ.ಮೀ. ಮೇಲಿದೆ. ನೂರು ಸಿಸಿಯಲ್ಲಿ ಹೋಗಬಹುದು, ಆದರೆ ಇಂಟರ್‌ವ್ಯೂಗೆ ಕೂರುವ ಹೊತ್ತಿಗೆ ಸೊಂಟ ಹಿಡಿದಿರುತ್ತದೆ. 2017ರಿಂದ ಹಾಸನ–ಚನ್ನರಾಯಪಟ್ಟಣ–ಶ್ರವಣಬೆಳಗೊಳ–ಬೆಂಗಳೂರು ರೈಲು ಮಾರ್ಗವಿದೆ. ಗಾಡಿಯನ್ನು ನಿಲ್ದಾಣದಲ್ಲಿ ಬಿಡಿ, ರೈಲಿನಲ್ಲಿ ಓದಿಕೊಂಡು ಹೋಗಿ. ಹೊಸಬರು ಶಿರಾಡಿ ಘಾಟಿಯನ್ನೂ ಸದ್ಯಕ್ಕೆ ದೂರವಿಡಿ.

10. ಐದು ವರ್ಷದ ಇನ್ಶೂರೆನ್ಸ್ ಎಂದು ಸುಮ್ಮನಿರಬೇಡಿ.

ಜನಪ್ರಿಯ ಗಾಡಿಯ ಕೊರತೆ ಅದರ ಜನಪ್ರಿಯತೆಯೇ. ಬಿಡಿಭಾಗ ಎಲ್ಲೆಡೆ ಸಿಗುತ್ತವೆ, ಸೆಕೆಂಡ್ ಹ್ಯಾಂಡಿಗೂ ಬೇಡಿಕೆ ಇದೆ, ಆದ್ದರಿಂದ ಕಳ್ಳರ ಕಣ್ಣೂ ಇದರ ಮೇಲೇ. ಸಂತೆ ದಿನ, ಆಸ್ಪತ್ರೆ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ಹ್ಯಾಂಡಲ್ ಲಾಕ್ ಒಂದೇ ಸಾಲದು. ಮುಂದಿನ ಚಕ್ರಕ್ಕೆ ಇನ್ನೊಂದು ಬೀಗ ಹಾಕಿ. ಪೇ ಪಾರ್ಕಿಂಗಿನ ಚಿಲ್ಲರೆ ಉಳಿಸಲು ಹೋಗಿ ಗಾಡಿಯನ್ನೇ ಕಳೆದುಕೊಳ್ಳಬೇಡಿ.

ಈಗ ಪೇಪರ್ ತೆಗೆದು ನೋಡಿ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಇನ್ಶೂರೆನ್ಸ್ ಕಡ್ಡಾಯವಾಗಿದೆ. ಆದರೆ ಅದು ಥರ್ಡ್ ಪಾರ್ಟಿಗೆ ಮಾತ್ರ. ನಿಮ್ಮ ಗಾಡಿ ಕಳುವಾದರೆ, ಬಿದ್ದು ಜಖಂ ಆದರೆ ದುಡ್ಡು ಕೊಡುವ ಓನ್ ಡ್ಯಾಮೇಜ್ ಭಾಗ ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಮುಗಿಯುತ್ತದೆ. ಹೆಚ್ಚಿನವರಿಗೆ ಇದು ಗೊತ್ತಾಗುವುದು ಸ್ಟೇಷನ್ನಿನಲ್ಲಿ ದೂರು ಕೊಟ್ಟ ಮೇಲೆ. ಮುಗಿಯುವ ತಾರೀಖನ್ನು ಇವತ್ತೇ ಮೊಬೈಲಿನಲ್ಲಿ ಹಾಕಿಕೊಳ್ಳಿ. ಮಾಲೀಕ-ಸವಾರರಿಗೆ 15 ಲಕ್ಷದ ಅಪಘಾತ ವಿಮೆ ಸೇರಿದೆಯೇ ನೋಡಿ. ಎರಡನೇ ಕೀಯನ್ನು ಮನೆಯಲ್ಲಿ ಭದ್ರವಾಗಿಡಿ. ಕಳುವಿನ ಕ್ಲೇಮಿಗೆ ಕಂಪನಿಯವರು ಎರಡೂ ಕೀ ಕೇಳುತ್ತಾರೆ.

"ಒಂದು ರೌಂಡ್ ಕೊಡೋ ಮಗಾ" ಎನ್ನುವ ಗೆಳೆಯನಿಗೆ ಡಿಎಲ್ ಇದೆಯೇ ಕೇಳಿ. ಇಲ್ಲದವರಿಗೆ ಗಾಡಿ ಕೊಟ್ಟರೆ ಕೇಸು ಮಾಲೀಕರ ಮೇಲೂ ಬೀಳುತ್ತದೆ. ಮುಖ ನೋಡಿ ಕೊಡಬೇಡಿ.

11. ಗೇಲಿಗೆ ಲೆಕ್ಕದಿಂದ ಉತ್ತರ ಕೊಡಿ.

"ಹಾಲು ಹಾಕೋ ಗಾಡಿ" ಎನ್ನುತ್ತಾರೆ ಗೆಳೆಯರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದ ಹಿರಿಯರು "ಇದೂ ಒಂದು ಗಾಡಿಯೇನಪ್ಪಾ" ಎನ್ನುತ್ತಾರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ದೊಡ್ಡ ಗಾಡಿಯ ಆಸೆ ಇನ್ನೂ ಹತ್ತಿರ ಬಂದಿದೆ. ಹಾಲು ಹಾಕುವ ಗಾಡಿಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಈ ಜಿಲ್ಲೆಯ ಎಷ್ಟೋ ಮಕ್ಕಳ ಫೀಸು ಅದೇ ಹಾಲಿನ ದುಡ್ಡಿನಲ್ಲಿ ಕಟ್ಟಿದ್ದು.

ಲೆಕ್ಕ ನೋಡಿ. ದಿನಕ್ಕೆ 70 ಕಿ.ಮೀ., ತಿಂಗಳಿಗೆ 25 ದಿನ ಎಂದರೆ 1,750 ಕಿ.ಮೀ. ಲೀಟರಿಗೆ 60 ಕೊಡುವ ಗಾಡಿಗೆ 29 ಲೀಟರ್, 35 ಕೊಡುವ ಗಾಡಿಗೆ 50 ಲೀಟರ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 2,100 ರೂಪಾಯಿ ಉಳಿತಾಯ. ಆ ದುಡ್ಡನ್ನು ಸಂಬಳದ ದಿನವೇ ಬೇರೆ ಖಾತೆಗೆ ಹಾಕಿ. ಒಂದು ವರ್ಷಕ್ಕೆ 25,200. ಕೋಚಿಂಗ್ ಕ್ಲಾಸು, ಲ್ಯಾಪ್‌ಟಾಪು, ಕಂಪ್ಯೂಟರ್ ಕೋರ್ಸು, ಯಾವುದು ನಿಮ್ಮನ್ನು ಮುಂದಕ್ಕೆ ಒಯ್ಯುತ್ತದೋ ಅದಕ್ಕೆ ಬಳಸಿ. "ಇದರಲ್ಲಿ ಹೋದರೆ ಜನ ಏನಂತಾರೋ" ಎಂಬ ಯೋಚನೆ ಒಂದು ಚಟ. ಅದನ್ನು ಈ ತಿಂಗಳೇ ಬಿಡಿ.

12. ಮಾರುವ ದಿನ ಕೀಗಿಂತ ಮೊದಲು ಫಾರಂ ಕೊಡಿ.

ಸಂಬಳ ಏರಿದಾಗ ನೀವು ದೊಡ್ಡ ಗಾಡಿಗೆ ಹೋಗುತ್ತೀರಿ, ಹೋಗಲೇಬೇಕು. ಸಣ್ಣ ಗಾಡಿಗೆ ಒಂದೇ ದಿನದಲ್ಲಿ ಗಿರಾಕಿ ಬರುತ್ತಾರೆ, ಕೈಗೆ ಕ್ಯಾಷ್ ಇಡುತ್ತಾರೆ. ಆ ಅವಸರದಲ್ಲೇ ತೊಂದರೆ ಹುಟ್ಟುವುದು. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದರೆ ಕೊಂಡವರು ಮಾಡಿದ ಅಪಘಾತದ ನೋಟಿಸು ನಿಮ್ಮ ಮನೆಗೇ ಬರುತ್ತದೆ.

ಸಾಲ ಇದ್ದರೆ ಮೊದಲು ತೀರಿಸಿ, ಬ್ಯಾಂಕಿನ ಎನ್‌ಒಸಿ ತಂದು ಆರ್‌ಸಿಯಿಂದ ಹೈಪಾಥಿಕೇಷನ್ ತೆಗೆಸಿ. ಫಾರಂ 29, ಫಾರಂ 30 ತುಂಬಿ, ಬೇಕಾದಲ್ಲಿ ಇಬ್ಬರೂ ಸಹಿ ಹಾಕಿ. ಗಿರಾಕಿ ರಾಜ್ಯದೊಳಗಿನವರಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗಿರಾಕಿಯ ಮಾತಿಗೆ ಬಿಡದೆ ನೀವೇ ಜೊತೆಗೆ ಹೋಗಿ ಅರ್ಜಿ ಹಾಕಿಸಿ. ಹೆಸರು ಬದಲಾದ ಆರ್‌ಸಿಯ ಫೋಟೊ ನಿಮ್ಮ ಮೊಬೈಲಿಗೆ ಬರುವವರೆಗೆ ಗಿರಾಕಿಯಿಂದ ಐದು ಸಾವಿರ ಠೇವಣಿ ಇಟ್ಟುಕೊಂಡೇ ವ್ಯಾಪಾರ ಮಾಡಿ, ಎರಡನೇ ಕೀಯನ್ನೂ ಆಗಲೇ ಕೊಡಿ.